ಸರ್ಟಿಫಿಕೇಟ್ ಯಾರಿಗೆ ಬೇಕು?

ಬೇಸಿಗೆ ಬಂದು ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸೋದು ನಿಲ್ಲಿಸಿದ ಕೂಡಲೇ ನನಗೆ ಫೋನ್ ಜಾಸ್ತಿ ಬರುತ್ತವೆ. ಗೋಕಾಕ, ರಾಯಬಾಗ, ಮುಧೋಳ, ಜಮಖಂಡಿ ಕಡೆಯ ಹುಡುಗರು. ಐಟಿಐ ಮುಗಿಸಿ, ಒಂದಷ್ಟು ವರ್ಷ ಯಾರದೋ ಗ್ಯಾಂಗಿನಲ್ಲಿ ದುಡಿದು, ಈಗ ಸ್ವಂತ ಕಾಂಟ್ರ್ಯಾಕ್ಟ್ ಹಿಡೀಬೇಕು ಅಂತ ಹೊರಟವರು. "ಅಣ್ಣಾರ, ಯಾವ ಕೋರ್ಸ್ ಮಾಡಿದ್ರ ಕೆಲಸಾ ಸಿಗತಾವ್ರಿ?" ಅಂತ ಕೇಳುತ್ತಾರೆ. ಅಷ್ಟರಲ್ಲಿ ಯಾರೋ ಅವರಿಗೆ ಹತ್ತಿಪ್ಪತ್ತು ಸಾವಿರದ ಒಂದು ಕೋರ್ಸ್ ಹೇಳಿರುತ್ತಾರೆ. ಸಂಘದಲ್ಲಿ ಸಾಲ ಎತ್ತಿಯೋ, ಮನೆಯ ಎಮ್ಮೆ ಮಾರಿಯೋ ಆ ದುಡ್ಡು ಹೊಂದಿಸುವ ಯೋಚನೆಯಲ್ಲಿರುತ್ತಾರೆ.

ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ಉತ್ತರ ಅಲ್ಲ ಇದು. ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣ ಫ್ಯಾಬ್ರಿಕೇಶನ್ ಶೆಡ್ ಇಟ್ಟುಕೊಂಡವನು. ಆಫ್ ಸೀಸನ್ನಿನಲ್ಲಿ ಸಕ್ಕರೆ ಕಾರ್ಖಾನೆಗಳ ಬಾಯ್ಲರ್, ಪೈಪ್‌ಲೈನ್ ಕೆಲಸ ಹಿಡಿಯುತ್ತೇನೆ. ಜನರನ್ನು ಕೆಲಸಕ್ಕೆ ತಗೊಳ್ಳುವುದೂ ಗೊತ್ತು, ಕೊಟೇಶನ್ ಹಿಡಿದು ಬೇರೆಯವರ ಆಫೀಸಿನ ಮುಂದೆ ಕೂರುವುದೂ ಗೊತ್ತು. ಆ ಎರಡೂ ಕಡೆಯಿಂದ ನನಗೆ ಕಂಡದ್ದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ಕಬ್ಬಿನ ಹಂಗಾಮು ಅಕ್ಟೋಬರ್-ನವೆಂಬರಿಗೆ ಶುರುವಾಗಿ ಮಾರ್ಚ್-ಏಪ್ರಿಲ್ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ರಿಪೇರಿಯ ಕಾಲ. ಮಿಲ್ ರೋಲರ್ ಬಿಚ್ಚಬೇಕು, ಟರ್ಬೈನ್ ತೆರೆಯಬೇಕು, ತೂತು ಬಿದ್ದ ಜ್ಯೂಸ್ ಪೈಪ್ ಬದಲಿಸಬೇಕು. ಬಾಯ್ಲರಿಗೆ ಹಾಕುವ ಬಗ್ಯಾಸ್, ಅಂದರೆ ರಸ ತೆಗೆದ ಕಬ್ಬಿನ ಸಿಪ್ಪೆ, ಅದರ ಜೊತೆ ಬರುವ ಮಣ್ಣು, ಉಸುಕು, ಹಾರುವ ಬೂದಿ ಎಲ್ಲ ಸೇರಿ ಬಾಯ್ಲರಿನ ಟ್ಯೂಬುಗಳನ್ನು ತಿಂದು ಹಾಕಿರುತ್ತವೆ. ಸವೆದಷ್ಟನ್ನು ಕತ್ತರಿಸಿ ಹೊಸ ಟ್ಯೂಬ್ ಕೂಡಿಸಬೇಕು. ದಸರಾ ಹೊತ್ತಿಗೆ ಬಾಯ್ಲರ್ ಪೂಜೆ ಆಗಬೇಕು ಅನ್ನುವಷ್ಟರಲ್ಲಿ ಇದೆಲ್ಲ ಮುಗಿದಿರಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಲ್ಲಿ ಕಾರ್ಖಾನೆಗಳು ಒತ್ತೊತ್ತಾಗಿವೆ. ಎಲ್ಲರಿಗೂ ಒಂದೇ ನಾಲ್ಕೈದು ತಿಂಗಳಲ್ಲಿ ಜನ ಬೇಕು. ಇಷ್ಟು ಕೆಲಸ ಇದ್ದೂ ನಮ್ಮ ಹುಡುಗರಿಗೆ ಕೆಲಸ ಸಿಗಲ್ಲ, ಎಷ್ಟೋ ಕಡೆ ದೂರದ ಊರಿನಿಂದ ವೆಲ್ಡರ್‌ಗಳನ್ನು ಕರೆಸುತ್ತಾರೆ ಅನ್ನುವುದು ನನ್ನನ್ನು ಬಹಳ ದಿನದಿಂದ ಕಾಡುತ್ತಿರುವ ವಿಷಯ.

ಯಾಕೆ ಹೀಗೆ ಅಂದರೆ, ಬಾಯ್ಲರ್ ಕೆಲಸಕ್ಕೆ ಯಾರನ್ನು ಬೇಕಾದರೂ ಹಚ್ಚುವ ಹಾಗಿಲ್ಲ. ಕರೆಂಟ್ ತಯಾರಿಸುವ ಕೋ-ಜನರೇಶನ್ ಕಾರ್ಖಾನೆಗಳಲ್ಲಿ ಉಗಿಯ ಒತ್ತಡ ಚದರ ಸೆಂಟಿಮೀಟರಿಗೆ 67 ಕೆಜಿ, 87 ಕೆಜಿ, ಕೆಲವು ಕಡೆ 110 ಕೆಜಿ. ನಮ್ಮ ಕಾರಿನ ಟೈರಿನಲ್ಲಿರುವ ಗಾಳಿ 2 ಕೆಜಿ ಚಿಲ್ಲರೆ, ಅಷ್ಟೇ. ಉಗಿಯ ಶಾಖ 500 ಡಿಗ್ರಿಯ ಆಸುಪಾಸು. ಒಂದು ಜಾಯಿಂಟ್ ಬಿಟ್ಟರೆ ಎದುರಿಗಿದ್ದವನು ಉಳಿಯಲ್ಲ. ಅದಕ್ಕೇ 1923ರ ಬಾಯ್ಲರ್ ಕಾಯ್ದೆಯ ಕಾಲದಿಂದಲೂ ಇದಕ್ಕೆ ಕಟ್ಟುನಿಟ್ಟು. 1950ರ ಇಂಡಿಯನ್ ಬಾಯ್ಲರ್ ರೆಗ್ಯುಲೇಶನ್ಸ್, ಅಂದರೆ ಎಲ್ಲರೂ ಐಬಿಆರ್ ಅನ್ನುವುದು, ಒತ್ತಡದ ಭಾಗಗಳಿಗೆ ಪರೀಕ್ಷೆ ಪಾಸಾದ ವೆಲ್ಡರೇ ಕೈ ಹಚ್ಚಬೇಕು ಅನ್ನುತ್ತದೆ. ಆ ಸರ್ಟಿಫಿಕೇಟಿನ ಅವಧಿ ಎರಡು ವರ್ಷ.

ಈ ಪರೀಕ್ಷೆ ಹೇಗಿರುತ್ತೆ ಅಂತ ಸ್ವಲ್ಪ ಹೇಳಬೇಕು. ಯಾಕೆಂದರೆ ಸರ್ಟಿಫಿಕೇಟ್ ಅನ್ನುವ ಒಂದೇ ಹೆಸರಿನಲ್ಲಿ ಇದೂ ಓಡಾಡುತ್ತದೆ, ವಾರದಲ್ಲಿ ಕೈಗೆ ಬರುವ ಕಾಗದವೂ ಓಡಾಡುತ್ತದೆ.

ಎರಡು ಪೈಪ್ ತುಂಡು ಕೊಡುತ್ತಾರೆ. ಅಂಚನ್ನು ಗ್ರೈಂಡರಿನಲ್ಲಿ ಓರೆ ಮಾಡಿ, ನಡುವೆ ಎರಡು-ಮೂರು ಮಿಲಿಮೀಟರ್ ಸಂದು ಬಿಟ್ಟು ಟ್ಯಾಕ್, ಅಂದರೆ ಅಲ್ಲಲ್ಲಿ ಸಣ್ಣ ಚುಕ್ಕೆ ವೆಲ್ಡ್, ಹಾಕಬೇಕು. 6ಜಿ ಪೊಸಿಶನ್ ಆದರೆ ಪೈಪನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿರುತ್ತಾರೆ. ಪೈಪ್ ತಿರುಗಲ್ಲ, ವೆಲ್ಡರ್ ಅದರ ಸುತ್ತ ತಿರುಗಬೇಕು. ಕೆಳಗೆ ಮಲಗಿದಂತೆ ಬಾಗಿ ಶುರು ಮಾಡಿ, ಪಕ್ಕದಲ್ಲಿ ಮಂಡಿಯೂರಿ, ಮೇಲೆ ನಿಂತು ಮುಗಿಸಬೇಕು. ಮೊದಲನೇ ರನ್, ಅಂದರೆ ರೂಟ್, ಟಿಗ್‌ನಲ್ಲಿ. ಆರ್ಗಾನ್ ಗ್ಯಾಸಿನ ಕಾವಲಿನಲ್ಲಿ ಟಂಗ್‌ಸ್ಟನ್ ಕಡ್ಡಿಯಿಂದ ಮಾಡುವ ವೆಲ್ಡಿಂಗಿಗೆ ಟಿಗ್ ಅನ್ನುತ್ತಾರೆ. ಆರ್ಗಾನ್ ಗ್ಯಾಸಿನ ಸಣ್ಣ ಸುಯ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕರಗಿದ ಲೋಹದ ತುದಿಯಲ್ಲಿ ಒಂದು ಸಣ್ಣ ತೂತು ಸದಾ ತೆರೆದಿರಬೇಕು. ಅದನ್ನು ಕೀಹೋಲ್ ಅನ್ನುತ್ತೇವೆ. ಅದು ದೊಡ್ಡದಾದರೆ ಲೋಹ ಒಳಗೆ ಜೋತುಬೀಳುತ್ತೆ, ಮುಚ್ಚಿಹೋದರೆ ಒಳಗಿನ ಅಂಚು ಕೂಡಲ್ಲ. ರೂಟ್ ಆದಮೇಲೆ 7018 ಅನ್ನುವ ವೆಲ್ಡಿಂಗ್ ರಾಡಿನಲ್ಲಿ ತುಂಬಿಸುವುದು. ಆ ರಾಡನ್ನು ಮೊದಲು ಓವನ್ನಿನಲ್ಲಿ ಕಾಯಿಸಿರಬೇಕು. ಮಳೆಗಾಲದ ಬೆಳಗಾವಿಯ ಥಂಡಿಯಲ್ಲಿ ಹೊರಗಿಟ್ಟ ರಾಡು ತೇವ ಎಳೆದುಕೊಂಡು ವೆಲ್ಡಿನೊಳಗೆ ಗಾಳಿಗುಳ್ಳೆ ಬಿಡುತ್ತೆ. ಕೊನೆಗೆ ಎಕ್ಸ್‌ರೇ. ಫಿಲ್ಮಿನ ಮುಂದೆ ಯಾರ ಅಣ್ಣ, ಯಾರ ಮಾವ ಅನ್ನುವುದು ನಡೆಯಲ್ಲ. ಒಳಗೆ ಏನಿದೆಯೋ ಅದೇ ಕಾಣುತ್ತೆ.

ಇದರಲ್ಲಿ ಪಾಸಾದವನೂ ಬಾಯ್ಲರಿನೊಳಗೆ ಹೋದ ದಿನ ಮತ್ತೆ ಹೊಸಬನೇ. ಟ್ಯೂಬುಗಳ ನಡುವೆ ಕೈ ತೂರದ ಜಾಗ ಇರುತ್ತೆ. ಹಿಂಬದಿ ಕಣ್ಣಿಗೆ ಬೀಳಲ್ಲ. ಅಲ್ಲಿ ಒಂದು ಸಣ್ಣ ಕನ್ನಡಿ ಸಿಕ್ಕಿಸಿ, ಅದರಲ್ಲಿ ನೋಡುತ್ತಾ ವೆಲ್ಡ್ ಮಾಡಬೇಕು. ಕನ್ನಡಿಯಲ್ಲಿ ದಿಕ್ಕು ಉಲ್ಟಾ. ಕೈಗೆ ಎಡ ಅನ್ನಿಸಿದ್ದು ಕಣ್ಣಿಗೆ ಬಲ. ಒಳಗೆ ಸೆಖೆ, ಬೂದಿ, ತಲೆಯ ಮೇಲೆ ಇನ್ನೊಬ್ಬನ ಕಿಡಿ. ಇದನ್ನು ಯಾವ ಕೋರ್ಸಿನ ಕ್ಲಾಸ್‌ರೂಮೂ ಕಲಿಸಲ್ಲ. ನನ್ನ ಜೊತೆ ದುಡಿದ ಒಬ್ಬ ಹಿರಿಯ ವೆಲ್ಡರ್ ಹೊಸ ಹುಡುಗರಿಗೆ ಯಾವಾಗಲೂ ಹೇಳೋರು: "ಪೇಪರ್ ಆಮ್ಯಾಲೆ ತೋರಸಪಾ, ಮೊದಲ ಒಂದ್ ಟ್ಯೂಬ್ ಕೂಡಿಸಿ ತೋರಸು." ಅವರು ಸ್ವತಃ ಎರಡು ವರ್ಷಕ್ಕೊಮ್ಮೆ ಆ ಪೇಪರನ್ನು ತಪ್ಪದೆ ಹೊಸದು ಮಾಡಿಸಿಕೊಳ್ಳೋರು ಅನ್ನುವುದನ್ನೂ ಹೇಳಬೇಕು.

ಹಾಗಾದರೆ ಐಬಿಆರ್ ಸರ್ಟಿಫಿಕೇಟ್ ಇದ್ದರೆ ಕೆಲಸ ಗ್ಯಾರಂಟಿಯಾ? ವೆಲ್ಡರ್ ಆಗಿ ಗೇಟಿನೊಳಗೆ ಹೋಗಲು ಅದು ಬೇಕೇ ಬೇಕು. ಕಾರ್ಖಾನೆಯ ಚೀಫ್ ಇಂಜಿನಿಯರ್ ಕೆಲಸ ಶುರುವಾಗುವ ಮುಂಚೆ ಕಾಂಟ್ರ್ಯಾಕ್ಟರ್‌ಗೆ ವೆಲ್ಡರ್‌ಗಳ ಪಟ್ಟಿ, ಸರ್ಟಿಫಿಕೇಟಿನ ಝೆರಾಕ್ಸ್ ಕೇಳುತ್ತಾರೆ. ಬಾಯ್ಲರ್ ಇನ್‌ಸ್ಪೆಕ್ಟರ್ ಬಂದಾಗ ತೋರಿಸಬೇಕಲ್ಲ. ಆದರೆ ಕಾಂಟ್ರ್ಯಾಕ್ಟ್ ಹಿಡಿಯುವುದು ಬೇರೆಯೇ ಮಾತು.

ಕರೆಂಟ್ ಕೆಲಸದವರ ಕಥೆಯೂ ಇದೇ. ವೈರ್‌ಮನ್ ಪರ್ಮಿಟ್, ಸೂಪರ್‌ವೈಸರ್ ಪರ್ಮಿಟ್, ಅದರ ಮೇಲೆ ಎಲೆಕ್ಟ್ರಿಕಲ್ ಕಾಂಟ್ರ್ಯಾಕ್ಟರ್ ಲೈಸೆನ್ಸ್, ಇವನ್ನು ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ. ಹೆಸ್ಕಾಂಗೆ ಹೊಸ ಕನೆಕ್ಷನ್ ಕೇಳುವಾಗ ಲೈಸೆನ್ಸ್ ಇದ್ದ ಕಾಂಟ್ರ್ಯಾಕ್ಟರ್ ಸಹಿ ಬೇಕು. ಹಾಗಾಗಿ ಆ ಲೈಸೆನ್ಸ್ ಅನ್ನ ಹಾಕುತ್ತೆ. ಇಂಥ ಕಾಗದಗಳಿಗೆ ದುಡ್ಡು ಹಾಕಬೇಕಾ ಅಂತ ಯಾರಾದರೂ ಕೇಳಿದರೆ ನಾನು ಯೋಚಿಸದೆ ಹೌದು ಅನ್ನುತ್ತೇನೆ. ಕಾನೂನು ಕೇಳುತ್ತೆ, ಆದ್ದರಿಂದ ಕೆಲಸ ಕೊಡುವವನೂ ಕೇಳಲೇಬೇಕು.

ತೊಂದರೆ ಇರುವುದು ಯಾರೂ ಕೇಳದ ಕಾಗದಗಳಲ್ಲಿ. ಮೂರು ದಿನದ, ವಾರದ, ತಿಂಗಳ ಕೋರ್ಸುಗಳು. ಚಂದದ ಮುದ್ರೆ, ಬಣ್ಣದ ಅಂಚು, ದೊಡ್ಡ ದೊಡ್ಡ ಹೆಸರು. ಒಮ್ಮೆ ಒಬ್ಬ ಹುಡುಗ ಅಂಥ ಸರ್ಟಿಫಿಕೇಟ್ ಲ್ಯಾಮಿನೇಟ್ ಮಾಡಿಸಿಕೊಂಡು ನನ್ನ ಶೆಡ್ಡಿಗೆ ಬಂದ. ಅಡ್ವಾನ್ಸ್ಡ್ ಪೈಪ್ ವೆಲ್ಡಿಂಗ್ ಅಂತ ಬರೆದಿತ್ತು. ವೆಲ್ಡಿಂಗ್ ಟಾರ್ಚ್ ಕೈಗೆ ಕೊಟ್ಟೆ. ಹಿಡಿಯುವ ರೀತಿಯಲ್ಲೇ ಗೊತ್ತಾಯಿತು, ಅವನಿಗೆ ಅಲ್ಲಿ ಯಾರೂ ಒಂದು ತಾಸು ಕೂಡ ಸರಿಯಾಗಿ ಆರ್ಕ್ ಹೊಡೆಯಲು ಬಿಟ್ಟಿರಲಿಲ್ಲ. ಬೋರ್ಡಿನ ಮೇಲೆ ಚಿತ್ರ ಬರೆದು, ಒಂದು ಮಷೀನಿನ ಸುತ್ತ ಮೂವತ್ತು ಜನರನ್ನು ನಿಲ್ಲಿಸಿ ತೋರಿಸಿ ಕಳಿಸಿದ್ದಾರೆ. ಹುಡುಗನ ತಪ್ಪು ಏನೂ ಇಲ್ಲ. ಅವನು ದುಡ್ಡು ಕೊಟ್ಟಿದ್ದ, ದಿನಾ ಹೋಗಿದ್ದ, ಕಲಿಸುತ್ತಾರೆ ಅಂತ ನಂಬಿದ್ದ. ನನಗೆ ಆವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಇಂಥ ಕೋರ್ಸು ಕೆಡಿಸುವುದು ಅವನೊಬ್ಬನನ್ನಲ್ಲ. ನಾಲ್ಕು ಸಲ ಹೀಗಾದ ಮೇಲೆ ಇಂಜಿನಿಯರ್ ಐದನೆಯವನ ಕಾಗದವನ್ನು ತೆಗೆದೂ ನೋಡಲ್ಲ. "ನಮ್ಮ ಪರಿಚಯದವರು ಯಾರಾದ್ರೂ ಅದಾರೇನ ನೋಡ್ರಿ" ಅನ್ನುತ್ತಾರೆ. ಆ ಐದನೆಯವನು ನಿಜವಾಗಿ ಕಲಿತವನಾಗಿದ್ದರೂ ಗೇಟಿನ ಹೊರಗೆ ಉಳಿಯುತ್ತಾನೆ.

ಈ ಪರಿಚಯ ಅನ್ನುವುದರ ಬಗ್ಗೆ ನಾನು ಹೆಚ್ಚು ಬರೆಯಬೇಕು.

ನಮ್ಮಲ್ಲಿ ಬಹುಪಾಲು ಕಾಂಟ್ರ್ಯಾಕ್ಟ್ ಪರಿಚಯದ ಮೇಲೆ ನಡೆಯುತ್ತವೆ. ಕಾರ್ಖಾನೆಯಲ್ಲಿ ಕಾಕಾ ಸ್ಟೋರ್ ಕೀಪರ್, ಮಾವ ಫೋರ್‌ಮನ್, ಊರಿನವರು ಆಡಳಿತ ಮಂಡಳಿಯಲ್ಲಿ. ಇದನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ಹಂಗಾಮಿನ ನಡುವೆ ರಾತ್ರಿ ಎರಡಕ್ಕೆ ಟ್ಯೂಬ್ ಸೋರಿದರೆ ಎದ್ದು ಬರುವವನು ಯಾರು ಅಂತ ಇಂಜಿನಿಯರ್‌ಗೆ ಗೊತ್ತಿರಬೇಕು. ಅದು ಯಾವ ಸರ್ಟಿಫಿಕೇಟಿನಲ್ಲೂ ಬರೆದಿರಲ್ಲ. ಜೊತೆಗೆ ದುಡಿದು ನೋಡಿದವರಿಗೇ ಗೊತ್ತು. ಹಾಗಾಗಿ ಪರಿಚಯ ಇದ್ದವರಿಗೆ ಸರ್ಟಿಫಿಕೇಟ್ ಅಂದರೆ ಫೈಲಿಗೆ ಒಂದು ಕಾಗದ. ಇದ್ದರೂ ನಡೆಯುತ್ತೆ, ಇಲ್ಲದಿದ್ದರೆ ಯಾರಾದರೂ ಹೊಂದಿಸಿ ಕೊಡುತ್ತಾರೆ.

ಆದರೆ ಯಾರೂ ಇಲ್ಲದವರು? ವಿಜಯಪುರ ಜಿಲ್ಲೆಯ ಒಬ್ಬ ಹುಡುಗನನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅಪ್ಪ-ಅವ್ವ ಕಬ್ಬು ಕಡಿಯುವ ಗ್ಯಾಂಗಿನವರು. ಪ್ರತಿ ಹಂಗಾಮಿನಲ್ಲಿ ಕಾರ್ಖಾನೆಯ ಅಕ್ಕಪಕ್ಕದ ಹೊಲಗಳಲ್ಲಿ ಜೋಪಡಿ ಹಾಕಿ ಉಳಿಯುವವರು. ಹುಡುಗ ಒಂದು ವರ್ಷದ ವೆಲ್ಡರ್ ಟ್ರೇಡ್ ಐಟಿಐ ಮಾಡಿದ. ಹೆಲ್ಪರ್ ಆಗಿ ಸೇರಿ, ಊಟದ ಬಿಡುವಿನಲ್ಲಿ ಗುಜರಿ ತುಂಡುಗಳ ಮೇಲೆ ಕೈ ಪಳಗಿಸಿದ. ಐಬಿಆರ್ ಟೆಸ್ಟ್ ಕೊಟ್ಟು ಪಾಸಾದ. ಆ ವರ್ಷ ಒಂದು ಕಾರ್ಖಾನೆಯಲ್ಲಿ ಸರ್ಟಿಫಿಕೇಟ್ ಇದ್ದ ವೆಲ್ಡರ್‌ಗಳು ಕಡಿಮೆ ಬಿದ್ದರು. ಪಟ್ಟಿಯಲ್ಲಿ ಹೆಸರು ಬೇಕಿತ್ತು. ಯಾರ ಮಗ, ಯಾವ ಜಾತಿ, ಯಾವೂರು ಅಂತ ಕೇಳುವ ಹೊತ್ತು ಇರಲಿಲ್ಲ. ಅವನು ಒಳಗೆ ಹೋದ. ಹೋದಮೇಲೆ ಅವನ ಜಾಯಿಂಟುಗಳೇ ಮಾತಾಡಿದವು.

ಅವನಿಗೆ ಆ ಕಾಗದ ಬಿಟ್ಟರೆ ಬೇರೆ ಪರಿಚಯ ಇರಲಿಲ್ಲ. ಅದಕ್ಕೇ ಸರ್ಟಿಫಿಕೇಟಿನಿಂದ ಏನೂ ಉಪಯೋಗ ಇಲ್ಲ, ಕೆಲಸ ಬಂದರೆ ಸಾಕು ಅಂತ ಯಾರಾದರೂ ಸಲೀಸಾಗಿ ಹೇಳಿದಾಗ ನಾನು ಒಪ್ಪಲ್ಲ. ಹಾಗೆ ಹೇಳುವವರಿಗೆ ಸಾಮಾನ್ಯವಾಗಿ ಒಳಗೆ ಯಾರೋ ಇರುತ್ತಾರೆ. ಪ್ರಾಮಾಣಿಕವಾಗಿ ಪರೀಕ್ಷೆ ಮಾಡಿ ಕೊಟ್ಟ ಕಾಗದ ಗತಿಯಿಲ್ಲದವನ ಆಸ್ತಿ. ಸುಮ್ನೆ ಹಂಚಿದ ಕಾಗದ ಆ ಆಸ್ತಿಯನ್ನೇ ಕಳ್ಳತನ ಮಾಡಿದ ಹಾಗೆ.

ಇನ್ನೊಂದು ಸಂಗತಿ ಹೆಚ್ಚಿನ ಹುಡುಗರಿಗೆ ಗೊತ್ತಿರಲ್ಲ. ದೊಡ್ಡ ಕಂಪನಿಗಳ ಪೈಪ್‌ಲೈನ್ ಕೆಲಸಕ್ಕೆ ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಘ ಎಎಸ್ಎಂಇಯ ನಿಯಮಾವಳಿಯ ಸೆಕ್ಷನ್ 9 ಪ್ರಕಾರ ವೆಲ್ಡರ್ ಟೆಸ್ಟ್ ಮಾಡುತ್ತಾರೆ. ಆ ಟೆಸ್ಟಿನ ದಾಖಲೆ ಇರುವುದು ಟೆಸ್ಟ್ ಮಾಡಿಸಿದ ಕಂಪನಿಯ ಜವಾಬ್ದಾರಿಯಲ್ಲಿ. ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋದರೆ ಸಾಮಾನ್ಯವಾಗಿ ಮತ್ತೆ ಟೆಸ್ಟ್. ಒಂದೇ ಕಡೆ ಇದ್ದರೂ, ಟೆಸ್ಟ್ ಕೊಟ್ಟ ವೆಲ್ಡಿಂಗ್ ವಿಧಾನದಲ್ಲಿ 6 ತಿಂಗಳು ವೆಲ್ಡ್ ಮಾಡದೇ ಹೋದರೆ ಆ ಅರ್ಹತೆ ಮುಗಿದಂತೆ. ನಮ್ಮ ಸೀಸನ್ ಹುಡುಗರ ಗತಿ ನೋಡಿ. ಆಫ್ ಸೀಸನ್ನಿನಲ್ಲಿ ನಾಲ್ಕೈದು ತಿಂಗಳು ಟಿಗ್ ಹೊಡೆಯುತ್ತಾರೆ. ಆಮೇಲೆ ಊರಲ್ಲಿ ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೇಲರ್ ರಿಪೇರಿ. ಮುಂದಿನ ವರ್ಷ ಮತ್ತೆ ಮೊದಲಿನಿಂದ. ಕೈ ಕಲಿತದ್ದನ್ನು ಮರೆತಿರಲ್ಲ, ಕಾಗದದ ಲೆಕ್ಕ ಮಾತ್ರ ಸೊನ್ನೆಗೆ ಬಂದಿರುತ್ತೆ. ಟೆಸ್ಟ್ ಪೈಪು, ಆರ್ಗಾನ್, ಎಕ್ಸ್‌ರೇ, ಆ ದಿನದ ಕೂಲಿ, ಇದನ್ನೆಲ್ಲ ವೆಲ್ಡರ್ ತಲೆಗೆ ಕಟ್ಟುವುದು ನನ್ನ ಪ್ರಕಾರ ತಪ್ಪು. ಟೆಸ್ಟ್ ಬೇಕಾಗಿರುವುದು ಕೆಲಸಕ್ಕೆ. ಕೆಲಸ ಹಿಡಿದವನು ಕೊಡಬೇಕು. ಕೊಟೇಶನ್ನಿನಲ್ಲೇ ಅದನ್ನು ಸೇರಿಸಿ ಬರೆಯಬೇಕು.

ಸರ್ಕಾರದ ಯೋಜನೆಗಳ ಬಗ್ಗೆ ಕೂಡ ಕೇಳುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮದಲ್ಲಿ ಕಮ್ಮಾರರು, ಬಡಿಗೇರರು, ಗೌಂಡಿಗಳು ಸೇರಿ 18 ಕಸುಬಿನವರಿಗೆ ಅವಕಾಶ ಇದೆ. ಐದಾರು ದಿನದ ತರಬೇತಿ, ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ, 5 ಪರ್ಸೆಂಟ್ ಬಡ್ಡಿಯಲ್ಲಿ ಮೊದಲು 1 ಲಕ್ಷದವರೆಗೆ ಸಾಲ. ಕಮ್ಮಾರಿಕೆ ಮನೆತನದ ಹುಡುಗನಿಗೆ ಇದರಲ್ಲಿ ಉಪಯೋಗಕ್ಕೆ ಬರುವುದು ಸಲಕರಣೆ ಮತ್ತು ಸಾಲ. ಆ ಸರ್ಟಿಫಿಕೇಟ್ ತೋರಿಸಿ ಕಾರ್ಖಾನೆಯಲ್ಲಿ ಕಾಂಟ್ರ್ಯಾಕ್ಟ್ ಕೇಳುತ್ತೇನೆ ಅಂದರೆ ಅದು ಆಗುವ ಮಾತಲ್ಲ. ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿಯ ದಾರಿ ಬೇರೆ. ಮೂರು ವರ್ಷ ಕಲಿತು, ಒಂದು ವರ್ಷ ಕಾರ್ಖಾನೆಯಲ್ಲಿ ದುಡಿದು ಹೊರಬರುತ್ತಾರೆ. ಬೆಳಗಾವಿಯಲ್ಲೂ ಅವರ ಕೇಂದ್ರ ಇದೆ. ಅಲ್ಲಿ ಕಲಿತು ಬಂದವರು ಮೈಕ್ರೋಮೀಟರ್ ಹಿಡಿಯುವುದನ್ನು ನೋಡಿದರೇ ಗೊತ್ತಾಗುತ್ತೆ. ಮಗ ಇನ್ನೂ ಎಸ್ಸೆಸ್ಸೆಲ್ಸಿಯಲ್ಲಿದ್ದಾನೆ ಅನ್ನುವ ತಂದೆಯರಿಗೆ ನಾನು ಮೊದಲು ಹೇಳುವುದು ಅದನ್ನೇ.

ಕಂಪ್ಯೂಟರ್ ಕೆಲಸದವರಲ್ಲಿ ಹೇಗೆ ಅಂತ ನಮ್ಮ ಅಕ್ಕನ ಮಗನನ್ನು ಕೇಳಿದ್ದೆ. ಅವನು ಟಿಳಕವಾಡಿಯ ಮನೆಯಲ್ಲೇ ಕೂತು ಪುಣೆ, ಬೆಂಗಳೂರಿನ ಕಂಪನಿಗಳಿಗೆ ಕಾಂಟ್ರ್ಯಾಕ್ಟ್ ಮೇಲೆ ಕೆಲಸ ಮಾಡುತ್ತಾನೆ. ಅವರ ಕ್ಲೌಡ್ ಸರ್ಟಿಫಿಕೇಟುಗಳಿಗೂ ಒಂದರಿಂದ ಮೂರು ವರ್ಷದ ಅವಧಿಯಂತೆ. "ಮಾಮಾ, ಏಜೆನ್ಸಿಯವರು ಬಯೋಡೇಟಾ ಜರಡಿ ಹಿಡಿಯುವಾಗ ಅದು ಬೇಕಾಗತೈತಿ. ಇಂಟರ್‌ವ್ಯೂದಾಗ ಅದನ್ನ ಯಾರೂ ಕೇಳಂಗಿಲ್ಲ" ಅಂದ. ನಮ್ಮ ಗೇಟಿನ ಪಟ್ಟಿಯಂತೆಯೇ ಅಲ್ವಾ!

ಕೆಲಸ ತಂದುಕೊಡದ ಒಂದು ತರಬೇತಿಯನ್ನು ಮಾತ್ರ ನಾನು ಯಾರಿಗೂ ಬಿಡಬೇಡಿ ಅನ್ನುತ್ತೇನೆ. ಎತ್ತರದಲ್ಲಿ ಕೆಲಸ, ಇಕ್ಕಟ್ಟಿನ ಜಾಗದಲ್ಲಿ ಕೆಲಸ, ಗ್ಯಾಸ್ ಸಿಲಿಂಡರ್ ನಿಭಾಯಿಸುವುದು. ಬಾಯ್ಲರ್ ಡ್ರಮ್ಮಿನೊಳಗೆ ಆರ್ಗಾನ್ ಸೋರಿದರೆ ಮೂಗಿಗೆ ಗೊತ್ತಾಗಲ್ಲ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಗಾಳಿಗಿಂತ ಭಾರ, ಕೆಳಗೆ ತುಂಬಿಕೊಂಡು ಉಸಿರಾಡುವ ಗಾಳಿಯನ್ನು ಹೊರದೂಡುತ್ತೆ. ಒಳಗಿದ್ದವನು ತಲೆಸುತ್ತಿ ಬೀಳುತ್ತಾನೆ, ಎತ್ತಲು ಹೋದವನೂ ಬೀಳುತ್ತಾನೆ. ಮ್ಯಾನ್‌ಹೋಲ್ ಹೊರಗೆ ಒಬ್ಬ ಕಾವಲು ನಿಂತಿರಬೇಕು, ಗಾಳಿ ಆಡಲು ಬ್ಲೋವರ್ ಇರಬೇಕು, ಊಟಕ್ಕೆ ಹೋಗುವಾಗ ಟಾರ್ಚನ್ನು ಹೊರಗೆ ತರಬೇಕು. ಇದಕ್ಕೆ ಟೆಂಡರಿನಲ್ಲಿ ಮಾರ್ಕ್ಸ್ ಸಿಗುತ್ತಾ ಅಂತ ನನ್ನನ್ನು ಕೇಳಬೇಡಿ.

ಈಗ ಕಾಂಟ್ರ್ಯಾಕ್ಟ್ ವಿಷಯ. ಸ್ವಂತ ಕೆಲಸ ಹಿಡಿಯಲು ಹೋದಾಗ ಎದುರಿಗೆ ಕೂತವರು ಕೇಳುವುದು ಜಿಎಸ್‌ಟಿ ನಂಬರ್, ಪಿಎಫ್, ಇಎಸ್‌ಐ, ಮತ್ತು "ಇದಕ್ಕಿಂತ ಮುಂಚೆ ಇಂಥ ಕೆಲಸ ಎಲ್ಲಿ ಮಾಡೀರಿ? ಲೆಟರ್ ಅದಾವೇನು?" ಸರ್ಕಾರಿ ಟೆಂಡರಾದರೂ ಅಷ್ಟೇ. ಇಂಥದೇ ಕಾಮಗಾರಿ ಮುಗಿಸಿದ ದಾಖಲೆ, ವಹಿವಾಟಿನ ಲೆಕ್ಕ. ಅಲ್ಲಿ ಕೋರ್ಸಿನ ಕಾಗದ ಯಾವ ಕಾಲಂನಲ್ಲೂ ಕೂರಲ್ಲ. ಬೇಕಾಗುವುದು ಕೆಲಸ ಮುಗಿಸಿದ್ದಕ್ಕೆ ಕೊಟ್ಟ ಸರ್ಟಿಫಿಕೇಟ್.

ನಮ್ಮ ಹುಡುಗರು ಸಿಕ್ಕಿಬೀಳುವುದು ಇಲ್ಲೇ. ವಿಜಯಪುರದ ಆ ಹುಡುಗ ಮುಂದೆ ಸ್ವಂತ ಗ್ಯಾಂಗ್ ಕಟ್ಟಿದ. ವರ್ಷಗಟ್ಟಲೆ ಟ್ಯೂಬ್ ಕೂಡಿಸಿದ್ದ. ಆದರೆ ಎಲ್ಲ ಬೇರೆಯವರ ಹೆಸರಿನಲ್ಲಿ. ಕಾರ್ಖಾನೆ ವರ್ಕ್ ಆರ್ಡರ್ ಕೊಟ್ಟದ್ದು ದೊಡ್ಡ ಕಾಂಟ್ರ್ಯಾಕ್ಟರ್‌ಗೆ, ಅವನು ಇನ್ನೊಬ್ಬನಿಗೆ, ಅವನು ಇವನಿಗೆ. ಕೆಲಸ ಮುಗಿದಾಗ ಪತ್ರ ಹೋದದ್ದು ಮೇಲಿನವನಿಗೆ. ಇವನಿಗೆ ಸಿಕ್ಕದ್ದು ಕೂಲಿ, ಅದೂ ಬಿಲ್ ಪಾಸಾದ ಮೇಲೆ. ಬಾಯ್ಲರಿನೊಳಗೆ ಅವನು ಕೂಡಿಸಿದ ಜಾಯಿಂಟುಗಳು ಇವತ್ತಿಗೂ ಉಗಿ ಹಿಡಿದು ನಿಂತಿವೆ, ಅವನು ಮಾಡಿದ್ದು ಅನ್ನಲು ಒಂದು ಚೀಟಿ ಇಲ್ಲ. ಈ ಕೊರತೆ ತುಂಬುವ ಕೋರ್ಸು ಯಾವ ಊರಿನಲ್ಲೂ ಸಿಗಲ್ಲ.

ಹಾಗಾಗಿ ಫೋನ್ ಮಾಡುವವರಿಗೆ ನಾನು ಹೇಳುವುದು: ಸಣ್ಣದಾದರೂ ಒಂದು ಕೆಲಸ ನೇರವಾಗಿ ನಿಮ್ಮ ಹೆಸರಿನಲ್ಲಿ ಹಿಡಿಯಿರಿ. ಬೆಲ್ಲದ ಗಾಣದ ಶೆಡ್ಡಾಗಲಿ, ಫೌಂಡ್ರಿಯ ಒಂದು ಪ್ಲಾಟ್‌ಫಾರಂ ಆಗಲಿ, ಡೈರಿಯ ಪೈಪ್ ಲೈನ್ ಆಗಲಿ. ವರ್ಕ್ ಆರ್ಡರ್ ಬರೆಸಿಕೊಳ್ಳಿ. ಮುಗಿದಮೇಲೆ ನಾಚಿಕೆಪಡದೆ ಪತ್ರ ಕೇಳಿ. ಏನು ಕೆಲಸ, ಎಷ್ಟು ಟನ್ನು ಅಥವಾ ಎಷ್ಟು ಜಾಯಿಂಟು, ಯಾವಾಗ ಶುರು, ಯಾವಾಗ ಮುಗಿಯಿತು, ಅಷ್ಟು ಇದ್ದರೆ ಸಾಕು. ವೆಲ್ಡಿಂಗ್ ಪರೀಕ್ಷೆಗೆ ದುಡ್ಡು ಹಾಕುವ ಮುಂಚೆ ಗೊತ್ತಿರುವ ಶೆಡ್ಡಿನಲ್ಲಿ ಒಂದು ಪೈಪ್ ಕೂಡಿಸಿ, ಕತ್ತರಿಸಿ ಒಳಗೆ ನೋಡಿ. ಕೋರ್ಸಿಗೆ ಸೇರುವ ಮುಂಚೆ ಒಂದು ಪ್ರಶ್ನೆ ಕೇಳಿ: ದಿನಕ್ಕೆ ನನ್ನ ಕೈಗೆ ಎಷ್ಟು ತಾಸು ಟಾರ್ಚ್ ಸಿಗುತ್ತೆ? ಅವರು ಉತ್ತರ ಹೇಳದೆ ಬ್ರೋಷರ್ ಕೊಟ್ಟರೆ ಎದ್ದು ಬನ್ನಿ.

ಜೊತೆಯ ಕಾಂಟ್ರ್ಯಾಕ್ಟರ್‌ಗಳಿಗೂ ನನ್ನದೊಂದು ಕೇಳಿಕೆ ಇದೆ. ನಿಮ್ಮ ಕೈಕೆಳಗೆ ಕೆಲಸ ಮಾಡಿದ ಗ್ಯಾಂಗಿನವರಿಗೆ ನಿಮ್ಮ ಲೆಟರ್‌ಹೆಡ್ಡಿನಲ್ಲಿ ಪತ್ರ ಕೊಡಿ. ಟೆಸ್ಟ್ ರಿಪೋರ್ಟಿನ ಝೆರಾಕ್ಸ್ ಅವರ ಕೈಯಲ್ಲಿರಲಿ. ಯಾವ ತಿಂಗಳು ಯಾವ ವಿಧಾನದಲ್ಲಿ ವೆಲ್ಡ್ ಮಾಡಿದರು ಅನ್ನುವ ಲಾಗ್ ಪುಸ್ತಕದ ಪುಟವನ್ನೂ ಕೊಡಿ. ನಾನು ಕೊಡುತ್ತೇನೆ. ಎಲ್ಲ ಕಾರ್ಖಾನೆಗಳೂ ಅದನ್ನು ಒಪ್ಪುವುದಿಲ್ಲ, ಕೆಲವರು ಒಪ್ಪುತ್ತಾರೆ. "ಹಿಂಗ ಪತ್ರಾ ಕೊಟ್ರ ನಾಳೆ ನಿನ್ನ ಎದುರಿಗೇ ಕೊಟೇಶನ್ ಹಾಕ್ತಾನ ನೋಡು" ಅಂತ ಗೆಳೆಯರು ಎಚ್ಚರಿಸಿದ್ದರು. ಹಾಕಿದ. ವಿಜಯಪುರದ ಅದೇ ಹುಡುಗ, ಒಂದು ಕಾರ್ಖಾನೆಯ ಎಕನಾಮೈಸರ್ (ಬಾಯ್ಲರಿಗೆ ಹೋಗುವ ನೀರನ್ನು ಮೊದಲೇ ಕಾಯಿಸುವ ಭಾಗ) ಟ್ಯೂಬ್ ಕೆಲಸಕ್ಕೆ ನನಗಿಂತ ಕಡಿಮೆ ರೇಟ್ ಹಾಕಿ, ನನ್ನ ಪತ್ರವನ್ನೇ ಜೊತೆಗೆ ಲಗತ್ತಿಸಿ ಆರ್ಡರ್ ತಗೊಂಡ. ನೀರಿನ ಒತ್ತಡ ಹಾಕಿ ನೋಡುವ ಹೈಡ್ರಾಲಿಕ್ ಟೆಸ್ಟಿನಲ್ಲಿ ಒಂದು ಹನಿಯೂ ಸೋರಲಿಲ್ಲ ಅಂತ ಆ ಇಂಜಿನಿಯರೇ ನನಗೆ ಫೋನ್ ಮಾಡಿ ಹೇಳಿದರು. ಈಗ ಅವನ ಬಳಿ ಕಾರ್ಖಾನೆಯ ಪತ್ರವೇ ಇದೆ, ನನ್ನದು ಬೇಕಾಗಿಲ್ಲ.